ಸೋರುವ ಉಸಿರಿನ ಭೂಪಾಳ

ಹೆಬ್ಬೂರಿನಾಚೆ, ಕುಣಿಗಲ್ ರಸ್ತೆಯ ಒಂದು ಹಳ್ಳಿಯ ಆಂಜನೇಯನ ಗುಡಿಯಲ್ಲಿ ಇಪ್ಪತ್ತೆಂಟು ವರ್ಷ ಪ್ರತಿ ಶನಿವಾರ ಬೆಳಗ್ಗೆ ನಾದಸ್ವರ ನುಡಿಸಿದವನು ನಾನು. ಕಲಿತದ್ದು ಗುಬ್ಬಿಯಲ್ಲಿದ್ದ ಸೋದರಮಾವನ ಹತ್ತಿರ. ಅಭಿಷೇಕಕ್ಕೆ ಭೂಪಾಳ ರಾಗ ಹಿಡಿದರೆ ಮಂಗಳಾರತಿಯ ಹೊತ್ತಿಗೆ ಮೇಲಿನ ಸ್ಥಾಯಿಯಲ್ಲಿ ನಿಂತಿರುತ್ತಿದ್ದೆ. ಅಲ್ಲಿ ಉಸಿರು ನನ್ನದೇ ಅನ್ನಿಸುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ನಾವಿರುವ ಉಪ್ಪಾರಹಳ್ಳಿಯ ಮನೆಯಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿತ್ತು. ಔಷಧಿ, ಕರೆಂಟ್ ಚಿಕಿತ್ಸೆ ಎಲ್ಲ ಆಯಿತು. ಮಾತು ಸರಿಹೋಯಿತು, ಬಲಗಡೆಯ ತುಟಿ ಮಾತ್ರ ಬಿಗಿಯಲಿಲ್ಲ. ಊದಿದರೆ ಗಾಳಿ ಪಕ್ಕದಿಂದ ಸೋರುತ್ತಿತ್ತು. ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಶನಿವಾರ ಬಂತೆಂದರೆ ಬೆರಳುಗಳು ಮಂಚದ ಪಟ್ಟಿಯ ಮೇಲೆ ತಾವಾಗಿಯೇ ಓಡುತ್ತಿದ್ದವು.

ವರ್ಷ ಕಳೆದ ಮೇಲೆ ಒಂದು ಶನಿವಾರ ಹೆಂಡತಿ ವಾದ್ಯ ಇಳಿಸಿದಳು.

“ನಡೀರಿ, ಗುಡಿಗ್ ಹೋಗ್ಬರಾಣ.”

“ಈ ಬಾಯಲ್ಲಿ ಏನಂತ ನುಡಿಸ್ಲಿ? ದೇವ್ರಿಗೆ ಅಪಸ್ವರ ಕೇಳ್ಸಕ್ಕಾ?”

“ಹಳೇ ಬಾಯಿ ಎಲ್ಲಿಂದ ತರ್ತೀರಿ? ಇರೋ ಬಾಯಲ್ಲೇ ಊದಿ. ಗಾಳಿ ಸೋರಿದ್ರೆ ನಾನ್ ಹಿಡ್ಕತೀನಿ.”

ಗುಡಿಯಲ್ಲಿ ನನ್ನ ಜಾಗದಲ್ಲಿ ಕರೆಂಟಿನ ನಗಾರಿ ಬಡಿಯುತ್ತಿತ್ತು. ವಯಸ್ಸಾದ ಅರ್ಚಕರು ನನ್ನನ್ನು ಕಂಡವರೇ ಸ್ವಿಚ್ ಆರಿಸಿದರು. “ಬಂದ್ಯಾ? ಕೂತ್ಕೊಳಪ್ಪಾ,” ಅಂದರಷ್ಟೆ.

ಅಭಿಷೇಕ ಶುರುವಾಯಿತು. ನಾನು ಊದಿದೆ, ಬುಸ್ ಎಂದಿತು. ಜನ ತಿರುಗಿ ನೋಡಿದರು. ಕಿವಿ ಬಿಸಿಯಾಯಿತು, ಎದ್ದುಬಿಡೋಣವೆನ್ನಿಸಿತು. ಅಷ್ಟರಲ್ಲಿ ಅವಳು, ಮದುವೆಯಾದಂದಿನಿಂದ ಜನರೆದುರು ನನ್ನ ಪಕ್ಕ ಕೂರಲೂ ನಾಚುತ್ತಿದ್ದವಳು, ಮುಂದೆ ಬಂದು ನನ್ನ ಬಲಗೆನ್ನೆಗೂ ತುಟಿಯ ಅಂಚಿಗೂ ಅಂಗೈ ಒತ್ತಿ ಹಿಡಿದಳು.

“ಈಗ ಊದಿ.”

ಸ್ವರ ಹೊರಟಿತು. ನಡುಗುತ್ತಿತ್ತು, ಆದರೂ ಭೂಪಾಳವೇ. ಕೆಳಗಿನ ಮೂರು ಸ್ವರಗಳಲ್ಲೇ ಸುತ್ತಾಡುತ್ತ ಮಂಗಳಾರತಿಯವರೆಗೆ ಹೇಗೋ ಎಳೆದೆ. ಅರ್ಚಕರು ಆರತಿ ತಟ್ಟೆಯನ್ನು ಮೊದಲು ನಮ್ಮಿಬ್ಬರ ಮುಂದೆ ಹಿಡಿದರು. ಎಂಜಲಿನಿಂದ ಒದ್ದೆಯಾದ ಕೈಯನ್ನು ಅವಳು ಹೊರಗೆ ಹೋಗಿ ತೊಳೆದು ಬರುವ ತನಕ ತಟ್ಟೆ ಹಿಡಿದೇ ಕಾದರು.

ಈಗಲೂ ಪ್ರತಿ ಶನಿವಾರ ಇಬ್ಬರೂ ಹೋಗುತ್ತೇವೆ. ಮೇಲಿನ ಷಡ್ಜ ಸಿಕ್ಕಿಲ್ಲ, ಸಿಗುವುದಿಲ್ಲವೆಂದೂ ಗೊತ್ತು. ಪ್ರತಿ ಸಲ ಅದರ ಹತ್ತಿರದವರೆಗೆ ಹೋಗಿ ನಿಲ್ಲುತ್ತೇನೆ. ಆ ಎತ್ತರಕ್ಕಾಗಿ ಜೀವ ಹಾತೊರೆಯುತ್ತದೆ. ಆಮೇಲೆ ಇಳಿದು ಬಂದು, ಬರುವಷ್ಟನ್ನು ಆದಷ್ಟು ಶುದ್ಧವಾಗಿ ಆಂಜನೇಯನಿಗೆ ನುಡಿಸುತ್ತೇನೆ.