ಅಜ್ಜಿ ಮುರಿದ ತೊಟ್ಟುಗಳು

ಇವತ್ತು ರಾಣೆಬೆನ್ನೂರಿನ ಗಿರಣಿಯೊಂದರ ಮುಂದೆ ಮೆಣಸಿನಕಾಯಿ ಘಾಟಿಗೆ ಕೆಮ್ಮಿದಾಗ ಬ್ಯಾಡಗಿಯ ನಮ್ಮ ಅಂಗಳ ನೆನಪಾಯಿತು.

ಆಗ ಕಾಲೇಜು ಓದುತ್ತಿದ್ದ ಅಣ್ಣ, ದೊಡ್ಡಪ್ಪನ ಮಗ, ಅಲ್ಲಿ ನಿಧಿ ಹುಡುಕುವ ಆಟ ಹೂಡಿದ್ದ. ಸುಳಿವೆಲ್ಲ ಬೈನರಿಯಲ್ಲಿ, ಅಂದರೆ ಬರೀ ಒಂದು-ಸೊನ್ನೆಗಳಲ್ಲಿ. ಸಾಲಾಗಿಟ್ಟ ಮೆಣಸಿನಕಾಯಿಗೆ ತೊಟ್ಟಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಐದು ಕಾಯಿ ಸೇರಿದರೆ ಒಂದು ಇಂಗ್ಲಿಷ್ ಅಕ್ಷರ. ಪರೀಕ್ಷೆಯಲ್ಲಿ ಸೊನ್ನೆ ಬಂದು ಶಾಲೆ ಬಿಟ್ಟಿದ್ದ ನನಗೆ ಅವನೆದುರು ಒಮ್ಮೆಯಾದರೂ ಗೆಲ್ಲಬೇಕಿತ್ತು. ಎರಡು ಅಕ್ಷರ ಬಿಡಿಸಿ ತಲೆಯೆತ್ತುವಷ್ಟರಲ್ಲಿ ಅಜ್ಜಿ ರೂಢಿಯಂತೆ ಉಳಿದ ಕಾಯಿಗಳ ತೊಟ್ಟನ್ನೆಲ್ಲ ಮುರಿದು ಹಾಕಿದ್ದಳು.

"ಕೈ ಖಾಲಿ ಇದ್ರ ನನಗ ಸೇರೂದಿಲ್ಲವಾ," ಎಂದಳು.

ಅಣ್ಣ ನಕ್ಕ. "ಬರೇ ಸೊನ್ನಿ ಬಂತೇನಬೇ? ನಿನ್ನ ಪರೀಕ್ಷಾದಂಗ ಆತಲ್ಲ!"

ಮೊನ್ನೆ ಮದುವೆಮನೆಯಲ್ಲೂ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ. ಎರಡು ಅಕ್ಷರ ನಾನು ಸರಿಯಾಗಿಯೇ ಓದಿದ್ದೆ. ಅಲ್ಲಿ ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.