ಬಲತೋಳಿನ ಅಳತೆ

ಹೊಲಿಯುವವರು ಸಾಮಾನ್ಯವಾಗಿ ಒಂದೇ ತೋಳಿನ ಅಳತೆ ತೆಗೆಯುತ್ತಾರೆ. ಇನ್ನೊಂದೂ ಅಷ್ಟೇ ಇರುತ್ತದೆ ಎಂಬ ನಂಬಿಕೆ. ಅನಾಥ ಮಕ್ಕಳ ಮನೆಯೊಂದರಲ್ಲಿ ಹೊಲಿಗೆ ಟೀಚರಾಗಿ ತಲೆ ನರೆಯುವವರೆಗೆ ನಾನೂ ಹಾಗೇ ಮಾಡಿದವಳು. ಒಂದು ಸಲ ಶಾಲೆಯ ಉದ್ದತೋಳಿನ ಅಂಗಿಗಳನ್ನು ಕತ್ತರಿಸಿ ಮೇಜಿನ ತುಂಬ ಹರಡಿಕೊಂಡಿದ್ದೆ. ಚಹಾ ಕೊಡಲು ಬಂದ ಅಡುಗೆಯವಳು ಒಂದು ಅಂಗಿಯ ಹತ್ತಿರ ನಿಂತು, "ಇದು ಸೂಜಿದಲ್ವಾ? ಬಲಗಡೆ ಒಂದು ಬೆರಳು ಜಾಸ್ತಿ ಬಿಡಿ ಟೀಚರ್" ಎಂದಳು. ಸೂಜಿ ಎನ್ನುವುದು ಆ ಮನೆಯ ಹುಡುಗಿಯೊಬ್ಬಳಿಗೆ ನಾನೇ ಇಟ್ಟ ಹೆಸರು. ಅವಳು ಕಡ್ಡಿಯಂತೆ ತೆಳ್ಳಗಿದ್ದಳು, ಮಾತು ಮಾತ್ರ ಚುಚ್ಚುತ್ತಿತ್ತು. ಕರೆದು ಎರಡೂ ತೋಳು ಅಳೆದೆ. ಬಲಗೈ ನಿಜವಾಗಿಯೂ ಒಂದು ಬೆರಳಷ್ಟು ಉದ್ದ.

ನೋಡಿದರೆ ಕಾಣುವ ವ್ಯತ್ಯಾಸವಲ್ಲ ಅದು. ಆ ಮಗುವಿಗೆ ಹುಟ್ಟಿದಾಗಿನಿಂದ ಬಟ್ಟೆ ತೊಡಿಸಿ, ಪ್ರತಿ ಸಲವೂ ಬಲತೋಳು ಗಿಡ್ಡವಾಯಿತಲ್ಲ ಎಂದು ಗೊಣಗಿದವರಿಗೆ ಮಾತ್ರ ಗೊತ್ತಿರುವಂಥದ್ದು. ಇನ್ನೊಬ್ಬರ ವಿಷಯ ನಿನಗೇಕೆ ಎಂದು ಯಾರಾದರೂ ಕೇಳಬಹುದು. ನಾನು ಸುಮ್ಮನಿರುವ ಪೈಕಿಯವಳಲ್ಲ. ಸಂಜೆ ಅಡುಗೆಮನೆಗೆ ಹೋಗಿ, ಸೂಜಿ ನಿನಗೆ ಏನಾಗಬೇಕು ಎಂದು ಅಡುಗೆಯವಳನ್ನು ನೇರವಾಗಿ ಕೇಳಿಬಿಟ್ಟೆ. ಅವಳು ಬಾಗಿಲು ಮುಂದೆ ಮಾಡಿ, ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತು, ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಎಲ್ಲ ಹೇಳಿದಳು.

ಗಂಡ ಎನ್ನಿಸಿಕೊಂಡವನು ಸಿಗರೇಟು ತರುತ್ತೇನೆಂದು ಹೋದವನು ಪತ್ತೆಯಿಲ್ಲ. ಇವಳು ಹೋಟೆಲ್ಲೊಂದರ ಹಿಂಬದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಗುವನ್ನು ಕರೆತಂದರೆ ಕೆಲಸವಿಲ್ಲ ಎಂದಿದ್ದರು. ಹಾಗಾಗಿ ಬಾಡಿಗೆ ಕೋಣೆಯಲ್ಲಿ ಹಾಲು, ಬ್ರೆಡ್ಡು ಇಟ್ಟು, ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಕೆಳಗಿನ ಅಂಗಡಿಗೆ ಬೆಂಕಿ ಬಿತ್ತು. ಅಕ್ಕಪಕ್ಕದವರು ಬೀಗ ಒಡೆದಾಗ ಮಗು ಮಂಚದ ಕೆಳಗೆ ಹೊಗೆಯಲ್ಲಿ ಕೆಮ್ಮುತ್ತಾ ಬಿದ್ದಿತ್ತು. ಆಗ ಅದಕ್ಕೆ ನಾಲ್ಕು ವರ್ಷ. ಇನ್ನೊಂದು ಸಲ ಆ ಬೀಗ ಹಾಕಲು ಅವಳಿಂದ ಆಗಲಿಲ್ಲ. ಬೀಗ ಹಾಕದೆ ಹೊಟ್ಟೆ ತುಂಬುವ ದಾರಿಯೂ ಇರಲಿಲ್ಲ.

ನಮ್ಮಲ್ಲಿ ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಮಾತ್ರ ಜಾಗ. ಅವಳು ಮಗುವನ್ನು ಕರೆತಂದು, ತೀರಿಹೋದ ನೆರೆಮನೆಯವಳದು ಎಂದು ಹೇಳಿ ಬಿಟ್ಟುಹೋದಳು. ಕೆಲವು ತಿಂಗಳ ನಂತರ ಅಡುಗೆಯ ಕೆಲಸ ಖಾಲಿಯಾದಾಗ ತಾನೇ ಬಂದು ಸೇರಿದಳು. ವಾರ್ಡನ್ ಮೇಡಂ, ಪಾಪ, ನೆರೆಯವಳೆಂದರೆ ಹೀಗಿರಬೇಕು ಎಂದು ಎಲ್ಲರೆದುರು ಹೊಗಳಿದರು. ಅಂದಿನಿಂದ ಜನರ ಮುಂದೆ ಅವಳು ಅಡುಗೆ ಆಂಟಿ. ಉಗ್ರಾಣದಲ್ಲಿ ಮಾತ್ರ, ಈರುಳ್ಳಿ ಬುಟ್ಟಿಯ ಹಿಂದೆ, ಎರಡು ಮಾತಿನಷ್ಟು ಹೊತ್ತು ಅಮ್ಮ. ಸೂಜಿ ಯಾವಾಗಲೂ ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಲ್ಲುತ್ತಿದ್ದಳು. ಕೊನೆಯವರ ಹಿಂದೆ ಯಾರೂ ಇರುವುದಿಲ್ಲವಲ್ಲ, ಕೈ ಸ್ವಲ್ಪ ತಾಗಿಸಬಹುದಿತ್ತು.

ಗೊತ್ತಾದರೆ ಏನಾಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಿಂದೊಮ್ಮೆ ಒಬ್ಬ ಹುಡುಗನ ಅಪ್ಪ ಬದುಕಿದ್ದಾನೆಂದು ತಿಳಿದಾಗ ಅದೇ ವಾರ ಅವನ ಗಂಟುಮೂಟೆ ಕಟ್ಟಿಸಿದ್ದರು. ವಾರ್ಡನ್ ಮೇಡಂ ಕೆಟ್ಟವರಲ್ಲ, ಅತ್ತುಕೊಂಡೇ ಕಳಿಸಿದರು. ಆ ಹಾಸಿಗೆಗಾಗಿ ಗೇಟಿನ ಹೊರಗೆ ಕಾಯುತ್ತಿದ್ದ ಮಕ್ಕಳೂ ಸುಳ್ಳಲ್ಲ. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಒಂದು ಸುಳ್ಳು ಹೇಳಿ ಒಂದು ಮಗು ಉಳಿಸಿಕೊಂಡರೆ ಯಾರಪ್ಪನ ಮನೆಯ ಗಂಟು ಹೋಗುತ್ತದೆ ಎಂದುಕೊಂಡೆ. ಹಾಗೇ ವರ್ಷಗಳು ಸಾಗಿದವು. ಸೂಜಿ ತರಗತಿಗೇ ಮೊದಲಿಗಳಾದಳು. ಅಡುಗೆಯವಳು ಅದನ್ನು ಕೇಳಿ ಏನೂ ಆಗದವಳಂತೆ ಹಾಲು ಕಲಕುತ್ತಿದ್ದಳು. ಹಾಲು ಮಾತ್ರ ಉಕ್ಕಿ ಹೋಗುತ್ತಿತ್ತು.

ವರ್ಷಕ್ಕೊಮ್ಮೆ ಚರ್ಚಿನ ಯುವಕರ ಗುಂಪೊಂದು ಒಂದು ವಾರ ಸೇವೆಗೆಂದು ಬರುತ್ತಿತ್ತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಬಂದವರು ಹಿತ್ತಲ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಕಳೆದ ವರ್ಷ ಬಳಿದದ್ದೂ ಅದೇ ಗೋಡೆ, ಅದರ ಹಿಂದಿನ ವರ್ಷವೂ ಅದೇ. ಹೀಗೇ ಆದರೆ ಗೋಡೆ ದಪ್ಪವಾಗಿ ಒಂದು ದಿನ ನನ್ನ ಹೊಲಿಗೆ ಕೋಣೆಯೊಳಗೆ ಬರುತ್ತದೆ ಎಂದು ನಾನು ರೇಗಿಸುತ್ತಿದ್ದೆ. ಆದರೂ ನ್ಯಾಯವಾಗಿ ಹೇಳಬೇಕು, ಆ ಹುಡುಗ ಹುಡುಗಿಯರು ಸೋಮಾರಿಗಳಾಗಿರಲಿಲ್ಲ. ತಮ್ಮ ಮನೆಯಲ್ಲಿ ಒಂದು ಲೋಟ ಎತ್ತಿಡದವರು ಇಲ್ಲಿ ಚಿಕ್ಕ ಮಕ್ಕಳ ಮೂಗು ಒರೆಸುತ್ತಿದ್ದರು, ಕಕ್ಕಸು ತೊಳೆಯುತ್ತಿದ್ದರು. ಅವರಲ್ಲಿ ಗಿಟಾರ್ ಅಕ್ಕ ಎಂದು ಮಕ್ಕಳು ಕರೆಯುತ್ತಿದ್ದ ಹುಡುಗಿಯಂತೂ ಮಧ್ಯಾಹ್ನವಿಡೀ ಕೂತು ಸೂಜಿಯ ತಲೆಯ ಹೇನು ಹೆಕ್ಕುತ್ತಿದ್ದಳು. ಸೂಜಿಗೆ ಅವಳೆಂದರೆ ಪ್ರಾಣ.

ಪ್ರತಿ ಸಲವೂ ಅವರು ಮಕ್ಕಳಿಗೆ ಒಂದು ಪಾಠ ಹೇಳಿಕೊಡುತ್ತಿದ್ದರು, ಒಂದು ವರ್ಷ ಆ ಪಾಠ ಸತ್ಯ. ಮೊದಲ ದಿನವೇ ಗಿಟಾರ್ ಅಕ್ಕ ನನ್ನ ಹತ್ತಿರ ಬಂದು ಕಪ್ಪು ಬಟ್ಟೆಯ ಚೂರುಗಳಿವೆಯೇ ಎಂದು ಕೇಳಿದಳು. ಲಂಗದ ಅಂಚಿನಲ್ಲಿ ಉಳಿದದ್ದನ್ನು ಚೌಕವಾಗಿ ಕತ್ತರಿಸಿ ಕೊಟ್ಟೆ. ಪ್ರತಿ ಮಗುವೂ ಒಂದು ಚೂರನ್ನು ಎದೆಗೆ ಪಿನ್ನು ಮಾಡಿಕೊಳ್ಳಬೇಕು, ತಾನು ಹೇಳಿದ ದೊಡ್ಡ ಸುಳ್ಳನ್ನು ನೆನೆಯಬೇಕು, ಕೊನೆಯ ದಿನ ಎಲ್ಲರೆದುರು ನಿಂತು ಅದನ್ನು ಹೇಳಿ, ಕಪ್ಪನ್ನು ಬುಟ್ಟಿಗೆ ಹಾಕಿ ಬಿಳಿ ಚೂರು ತೆಗೆದುಕೊಳ್ಳಬೇಕು. ಉಳಿದ ಮಕ್ಕಳಿಗೆ ಇದೊಂದು ಆಟ. ಒಬ್ಬ ಶಾಲೆಗೆ ಚಕ್ಕರ್ ಹೊಡೆಯಲು ಹೊಟ್ಟೆನೋವು ಎಂದಿದ್ದ, ಒಬ್ಬಳು ಸೀಮೆಸುಣ್ಣ ಕದ್ದು ಇಲ್ಲ ಎಂದಿದ್ದಳು. ಯಾರ ಸುಳ್ಳು ದೊಡ್ಡದು ಎಂದು ಜಗಳ ಬೇರೆ.

ಸೂಜಿ ಜಗಳಕ್ಕೆ ಹೋಗಲಿಲ್ಲ. ಮರುದಿನ ತಟ್ಟೆಯಲ್ಲಿದ್ದ ಮೊಟ್ಟೆ ಬಿಟ್ಟಳು, ಅದರ ಮರುದಿನ ತಟ್ಟೆಯನ್ನೇ ಮುಟ್ಟಲಿಲ್ಲ. ಕಪ್ಪು ಚೂರನ್ನು ಮಲಗುವಾಗಲೂ ತೆಗೆಯುತ್ತಿಲ್ಲ ಎಂದು ಪಕ್ಕದ ಹಾಸಿಗೆಯವಳು ದೂರಿದಳು. ಉಗ್ರಾಣದಲ್ಲಿ ಸೂಜಿ ತಾಯಿಗೆ ಹೇಳಿದ್ದು ಇಷ್ಟೇ: ಹೇಳದಿದ್ದರೆ ಯೇಸಪ್ಪನಿಗೆ ಬೇಜಾರು, ಹೇಳಿದರೆ ನಿನಗೆ ಬೇಜಾರು.

ಅಡುಗೆಯವಳೇನು ದೇವರಿಗೆ ಹೆದರದವಳಲ್ಲ. ಒಲೆ ಹಚ್ಚುವ ಮೊದಲು ಪ್ರತಿದಿನ ಕಣ್ಣು ಮುಚ್ಚಿ ನಿಲ್ಲುವವಳು. ಬೇರೆ ಯಾವುದಾದರೂ ಚಿಕ್ಕ ಸುಳ್ಳು ಹೇಳಿಬಿಡು, ಸಕ್ಕರೆ ಕದ್ದೆ ಎನ್ನು ಎಂದು ಮಗಳನ್ನು ಅಂಗಲಾಚಿದಳು. "ಆಗ ಅದು ಇನ್ನೊಂದು ಸುಳ್ಳಾಗುತ್ತಲ್ಲ" ಎಂದಿತು ಮಗು. ಜ್ವರ ಎಂದು ಮಲಗಿಸಿ ನೋಡಿದಳು. ಗಿಟಾರ್ ಅಕ್ಕ ಮಂಚದ ಬಳಿಗೇ ಬಂದು ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಹಣೆ ತಣ್ಣಗಿತ್ತು. ಸೂಜಿ ಎದೆಯ ಮೇಲಿನ ಚೂರನ್ನು ಮುಷ್ಟಿಯಲ್ಲಿ ಹಿಡಿದು, ಈಗ ಜ್ವರದ್ದೂ ಸೇರಿತು ಎಂದು ಬಿಕ್ಕಿದಳು. ಇಬ್ಬರೂ ಓಡಿಹೋಗೋಣವೆಂದರೆ ಎಲ್ಲಿಗೆ? ಮತ್ತೆ ಅದೇ ಕೋಣೆ, ಅದೇ ಬೀಗ.

ಕೊನೆಗೆ ನನ್ನ ಕಾಲು ಹಿಡಿಯುವುದೊಂದು ಬಾಕಿಯಿತ್ತು, ಅದನ್ನೂ ಮಾಡಿದಳು. ನಾನು ಗಿಟಾರ್ ಅಕ್ಕನನ್ನು ಹುಡುಕಿಕೊಂಡು ಹೋದೆ. ಗೋಡೆಗೆ ಬಣ್ಣ ಹೊಡೆಯುತ್ತಿದ್ದವಳ ಮೂಗಿನ ಮೇಲೆಲ್ಲ ಬಣ್ಣ. ಆ ಒಂದು ಮಗುವನ್ನು ಬಿಟ್ಟುಬಿಡು ತಾಯಿ, ಅವಳನ್ನು ನಿಲ್ಲಿಸಬೇಡ ಎಂದೆ. ಏಕೆಂದು ಕೇಳಿದಳು. ಏಕೆಂದು ಹೇಗೆ ಹೇಳಲಿ? ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಟೀಚರ್, ಅವಳು ಮನಸ್ಸಲ್ಲಿ ಏನೋ ಇಟ್ಕೊಂಡು ನರಳ್ತಿದ್ದಾಳೆ. ಊಟ ಬಿಟ್ಟಿದ್ದಾಳೆ. ಅದನ್ನ ನೋಡ್ಕೊಂಡು ಹಾಗೇ ಬಿಟ್ಟು ಹೋಗು ಅಂತೀರಾ?"

ನನಗೆ ಎಷ್ಟು ಸಿಟ್ಟು ಬಂತೆಂದರೆ ಬಣ್ಣದ ಡಬ್ಬಿಯನ್ನು ಎತ್ತಿ ಅವಳ ತಲೆಯ ಮೇಲೆ ಸುರಿಯಬೇಕೆನಿಸಿತು. ಏಕೆಂದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಯಿಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳಂತೆ ನುಂಗಲೂ ಆಗದೆ ಉಗುಳಲೂ ಆಗದೆ ಹಿಂದಿರುಗಿದೆ. ಆಗುವುದಿಲ್ಲ ಎಂದು ಅಡುಗೆಯವಳಿಗೆ ಹೇಳಿದೆ. ಅವಳು ಕ್ಯಾರೆಟ್ಟು ಹೆಚ್ಚುತ್ತಲೇ ಇದ್ದಳು.

ನನ್ನ ಹೊಲಿಗೆ ಕೋಣೆಗೂ ಉಗ್ರಾಣಕ್ಕೂ ನಡುವೆ ಒಂದು ಬಾಗಿಲಿದೆ. ಕೊನೆಯ ದಿನ ಬೆಳಗ್ಗೆ ನಾನು ಬಿಳಿ ಚೂರುಗಳನ್ನು ಕತ್ತರಿಸುತ್ತಿದ್ದೆ, ಬಾಗಿಲು ತೆರೆದೇ ಇತ್ತು. ಅಡುಗೆಯವಳು ಸೂಜಿಯನ್ನು ಕರೆದು ಈರುಳ್ಳಿ ಬುಟ್ಟಿಯ ಹತ್ತಿರ ನಿಲ್ಲಿಸಿದಳು. ತಾನು ಕೂರಲಿಲ್ಲ, ಮಗುವನ್ನು ಮುಟ್ಟಲೂ ಇಲ್ಲ.

"ನೀನು ಯಾವ ಸುಳ್ಳೂ ಹೇಳಿಲ್ಲ" ಎಂದಳು. "ಸುಳ್ಳು ಹೇಳಿದ್ದು ನಾನು. ನಾನು ನಿನ್ನ ಹೆತ್ತವಳಲ್ಲ."

ನನ್ನ ಕತ್ತರಿ ಅಲ್ಲೇ ನಿಂತಿತು.

"ನಿನ್ನ ಅಮ್ಮ ನಮ್ಮ ಪಕ್ಕದ ಮನೇಲಿದ್ದಳು. ತೀರಿಕೊಂಡಳು. ನೀನು ಅಮ್ಮ ಬೇಕು ಅಮ್ಮ ಬೇಕು ಅಂತ ಅಳು ನಿಲ್ಲಿಸ್ತಾನೇ ಇರಲಿಲ್ಲ. ಸುಮ್ಮನಾಗಲಿ ಅಂತ ನಾನೇ ಅಮ್ಮ ಅಂದೆ. ಆಮೇಲೆ ಅದೇ ಅಭ್ಯಾಸ ಆಗಿಹೋಯ್ತು."

ಹೆಸರಿಗೆ ತಕ್ಕ ಹಾಗೆ ಮಗುವಿನ ಬುದ್ಧಿಯೂ ಚುರುಕು. ಬೀಗ ಹಾಕಿದ ಕೋಣೆ ನೆನಪಿದೆ ಎಂದಿತು. ಅಮ್ಮ ಸತ್ತ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೆ, ಬೀಗ ಹಾಕಿದವಳೂ ನಾನೇ ಎಂದಳು ಇವಳು. ಬೆಂಕಿ ಬಿದ್ದ ದಿನ ನೀನು ಎತ್ತಿಕೊಂಡು ಅತ್ತದ್ದು ನೆನಪಿದೆ ಎಂದಿತು. ಬೇರೆಯವರ ಮಗುವಾದರೂ ಅಳು ಬರುವುದಿಲ್ಲವೇ ಎಂದಳು. ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಎಷ್ಟು ರಾತ್ರಿ ನಿದ್ದೆಗೆಟ್ಟು ಕಟ್ಟಿದ ಉತ್ತರಗಳೋ.

"ಮತ್ತೆ ನನ್ನ ಬಲಗೈ ಉದ್ದ ಅಂತ ನಿನಗೆ ಮಾತ್ರ ಗೊತ್ತಿತ್ತಲ್ಲ" ಎಂದಿತು ಮಗು. ಅದೊಂದು ಎಳೆಯನ್ನು ಹಿಡಿದುಕೊಂಡು ನೇತಾಡುತ್ತಿತ್ತು.

ಅಡುಗೆಯವಳಿಗೆ ಅದು ಹೊಳೆದಿರಲಿಲ್ಲ. ತಡವರಿಸಿದಳು. ಆಮೇಲೆ, "ಅದನ್ನ ಟೀಚರ್ ಅಳತೆ ತೆಗೆದಾಗ ನೋಡಿ ನನಗೆ ಹೇಳಿದ್ದು" ಎಂದಳು.

ಸೂಜಿ ಬಾಗಿಲಿಗೆ ಬಂದು ನಿಂತಳು. "ಹೌದಾ ಟೀಚರ್?"

ಮಗುವಿನ ಬೆನ್ನ ಹಿಂದೆ ಅಡುಗೆಯವಳು ಎರಡೂ ಕೈ ಮುಗಿದು ನಿಂತಿದ್ದಳು. ಇಲ್ಲ ಎಂದರೆ ತಾಯಿ ಉಳಿಯುತ್ತಿದ್ದಳು, ಹೌದು ಎಂದರೆ ಹಾಸಿಗೆ, ಊಟ, ಶಾಲೆ ಉಳಿಯುತ್ತಿದ್ದವು. ನಾನು ಹೌದು ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಸಭೆಯಲ್ಲಿ ಸೂಜಿಯ ಸರದಿ ಬಂದಾಗ ಅವಳು ನೆಟ್ಟಗೆ ನಿಂತಳು. ಅಡುಗೆಯವಳು ಬಾಗಿಲ ಬಳಿ ಬಿಸಿ ಹಾಲಿನ ಕೊಳಗ ಹಿಡಿದು ನಿಂತಿದ್ದಳು.

"ಅಡುಗೆ ಆಂಟಿ ನನ್ನ ಅಮ್ಮ ಅಂತ ನಾನು ಅಂದ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅದು ಸುಳ್ಳು."

ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಗಿಟಾರ್ ಅಕ್ಕ ಮಂಡಿಯೂರಿ ಅವಳನ್ನು ತಬ್ಬಿಕೊಂಡು, ಇಂಥ ಧೈರ್ಯವನ್ನು ತಾನು ಕಂಡೇ ಇಲ್ಲ ಎಂದಳು. ವಾರ್ಡನ್ ಮೇಡಂ ಅಡುಗೆಯವಳ ಹತ್ತಿರ ಬಂದು, ನಿನ್ನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನಮ್ಮ ಎಂದು ಭುಜ ತಟ್ಟಿದರು. ಹಾಲಿನ ಕೊಳಗ ಅಷ್ಟು ಬಿಸಿಯಿದ್ದರೂ ಅವಳು ಅದನ್ನು ಕೆಳಗಿಡುವುದನ್ನು ಮರೆತಿದ್ದಳು. ಅಂಗೈಯಲ್ಲಿ ಬೊಬ್ಬೆ ಬಂದದ್ದನ್ನು ಆಮೇಲೆ ನಾನೇ ನೋಡಿ ಔಷಧಿ ಹಚ್ಚಿದೆ.

ಕಪ್ಪು ಚೂರುಗಳ ಬುಟ್ಟಿಯನ್ನು ಹುಡುಗರು ಅಡುಗೆಮನೆಗೇ ತಂದರು, ಒಲೆಗೆ ಹಾಕಿ ಸುಡಬೇಕಂತೆ. ಅವಳು ಸುಟ್ಟಳು. ಮಧ್ಯಾಹ್ನ ಬಸ್ಸು ಹೊರಡುವ ಮೊದಲು ಊಟಕ್ಕೆ ಸಾಲು ನಿಂತಿತು. ಸೂಜಿ ಸಾಲಿನ ನಡುವೆ, ಗೆಳತಿಯರ ಜೊತೆ ನಗುತ್ತಾ ಬಂದಳು. ಎಷ್ಟೋ ದಿನಗಳ ಹಸಿವು, ಇನ್ನೊಂದು ಮೊಟ್ಟೆ ಕೇಳಿದಳು. ತಟ್ಟೆಗೆ ಬಿದ್ದದ್ದಕ್ಕೆ ಥ್ಯಾಂಕ್ಸ್ ಆಂಟಿ ಎಂದಳು. ಹಿಂದೆ ನಿಂತಿದ್ದವನು ತಳ್ಳಿದ, ಅವಳು ಮುಂದೆ ಹೋದಳು. ಅಡುಗೆಯವಳು ಕೊನೆಯ ಮಗುವಿನವರೆಗೂ ಬಡಿಸಿದಳು, ಸಾಲು ಮುಗಿದ ಮೇಲೂ ಸೌಟು ಹಿಡಿದು ನಿಂತೇ ಇದ್ದಳು.

ಉಗ್ರಾಣಕ್ಕೆ ಸೂಜಿ ಮತ್ತೆ ಬರಲಿಲ್ಲ. ಅಸಡ್ಡೆಯಿಂದಲ್ಲ, ಬರಲು ಅವಳಿಗೆ ಕಾರಣವೇ ಇರಲಿಲ್ಲ. ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದು ನಾನು ಸಮಾಧಾನ ಮಾಡಿದೆ. ಅಡುಗೆಯವಳು ಇಲ್ಲವೆಂದು ತಲೆಯಾಡಿಸಿದಳು. ಆಗ ಅವಳು ಯಾವ ಮಾತನ್ನು ನಂಬಬೇಕು ಟೀಚರ್ ಎಂದಳು.

ಹೊಸ ತರಗತಿಗಳು ಶುರುವಾಗುವ ಹೊತ್ತಿಗೆ ಮತ್ತೆ ಉದ್ದತೋಳಿನ ಅಂಗಿಗಳು ಮೇಜಿಗೆ ಬಂದವು. ಅಡುಗೆಯವಳು ಚಹಾ ತಂದಾಗ ರೂಢಿಯಂತೆ, ಸೂಜಿಯ ಬಲತೋಳಿಗೆ ಈ ಸಲ ಎಷ್ಟು ಬಿಡಲಿ ಎಂದು ಕೇಳಿಬಿಟ್ಟೆ. ಅವಳು ಲೋಟವನ್ನು ಬಟ್ಟೆಗೆ ತಾಗದಂತೆ ದೂರದಲ್ಲಿಟ್ಟಳು.

"ಅಳತೆ ತಗೊಳ್ಳಿ ಟೀಚರ್" ಎಂದಳು. "ನನಗೆ ಹೇಗೆ ಗೊತ್ತಾಗುತ್ತೆ?"

ನಾನು ಟೇಪು ಹಿಡಿದು ಅಂಗಳಕ್ಕೆ ಹೋಗಿ ಸೂಜಿಯನ್ನು ಕರೆದೆ. ಅವಳು ಓಡಿ ಬಂದು ಎರಡೂ ಕೈಗಳನ್ನು ಚಾಚಿ ನಿಂತಳು.

"ಎರಡೂ ಅಳೀರಿ ಟೀಚರ್, ನನ್ನ ಬಲಗೈ ಉದ್ದ" ಎಂದಳು. "ನೀವೇ ತಾನೇ ಮೊದಲು ಕಂಡುಹಿಡಿದಿದ್ದು."

ಹೌದಮ್ಮ ಎಂದೆ. ಬಲಗೈಯನ್ನು ಮೊದಲು ಅಳೆದೆ.