ಅಬ್ಬಾನ ಹೆಸರು ಎತ್ತಿದವನು ನಾನೇ

ಚಿಕ್ಕಬಳ್ಳಾಪುರದ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಎದುರಾಳಿಯ ಬಾಯಿ ಮುಚ್ಚಿಸಿದರೆ ಕೆಲಸ ಮುಗಿಯಿತು ಎಂದೇ ನಂಬಿದ್ದೆ. ಅರವತ್ತರ ದಶಕದ ಆರಂಭ. ಶಿಡ್ಲಘಟ್ಟದ ನಮ್ಮ ಮಸೀದಿಯ ಆಸ್ತಿ ನೋಡಿಕೊಳ್ಳುತ್ತಿದ್ದ ಮುತವಲ್ಲಿ ತೀರಿಕೊಂಡಿದ್ದರು. ಮಸೀದಿಗೆ ಸೇರಿದ ಮನೆಯೊಂದರಲ್ಲಿ ಅಬ್ಬಾನ ಅಕ್ಕ, ನನ್ನ ವಿಧವೆ ಫೂಫಿ, ಗೂಡು ಬೇಯಿಸಿ ರೇಷ್ಮೆ ಬಿಚ್ಚಿಕೊಂಡು ಬದುಕಿದ್ದರು. ತಾವು ಮುತವಲ್ಲಿಯಾದರೆ ಆ ಮನೆ ತಮ್ಮ ಅಳಿಯನಿಗೆ ಎಂದು ಗೂಡಿನ ವ್ಯಾಪಾರಿಯೊಬ್ಬರು ಟೀ ಅಂಗಡಿಯಲ್ಲೇ ಹೇಳಿಕೊಂಡು ತಿರುಗುತ್ತಿದ್ದರು.

ಹಿರಿಯರ ಒಲವು ಅಬ್ಬಾನ ಕಡೆಗಿತ್ತು. ಆದರೆ ಹುದ್ದೆ ಎಂದರೆ ಅಮಾನತು, ನಂಬಿ ಒಪ್ಪಿಸುವಂಥದ್ದು. ಬೇಕೆಂದು ಕೇಳಿದವನಿಗೆ ಅದನ್ನು ಕೊಡುವಂತಿಲ್ಲ. ನಮ್ಮ ಜಮಾತಿನಲ್ಲಿ ಮನೆಯವರು ಕೇಳಿದರೂ ಅವನೇ ಕೇಳಿದ ಲೆಕ್ಕ.

"ಒಳ್ಳೆಯೋರು ಬಾಯ್ ಮುಚ್ಕೊಂಡು ಕೂತ್ರೆ ಬರೋರು ಯಾರು ಅಬ್ಬಾ? ಇಂಥೋರೇ ತಾನೇ?" ಎಂದು ವಾದಿಸಿದ್ದೆ.

"ಶುಕ್ರವಾರ ನೀನು ಸುಮ್ನೆ ಕೂತ್ಕೊಳಪ್ಪ, ಅಷ್ಟು ಸಾಕು."

ಶುಕ್ರವಾರ ನಮಾಜು ಮುಗಿದು, ಹೊಸ ಮುತವಲ್ಲಿಯನ್ನು ಆರಿಸಲು ಎಲ್ಲರೂ ಅಂಗಳದಲ್ಲಿ ಕುಳಿತರು. ವ್ಯಾಪಾರಿಯ ಗೆಳೆಯರೊಬ್ಬರು ವ್ಯಾಪಾರಿಯ ಹೆಸರು ಹೇಳಿದರು. ಬೇರೆ ಹೆಸರು ಬರಲಿಲ್ಲ. ಜಮಾತಿನಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜರೊಬ್ಬರು ತಸ್ಬೀ ಮಣಿ ಎಣಿಸುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅನಾಥರ ಹಕ್ಕು, ಆಳುವವನ ಹೊಣೆ, ಎಲ್ಲವನ್ನೂ ಪೋಣಿಸಿ ಮಾತಾಡಿದೆ. ಕೊನೆಗೆ, "ಈ ಕೆಲಸಕ್ಕೆ ನಮ್ಮ ಅಬ್ಬಾನೇ ಯೋಗ್ಯರು" ಎಂದುಬಿಟ್ಟೆ.

"ಏನ್ ಲಾಯರಪ್ಪ, ಮನೇಲಿ ಹೇಳ್ಕೊಟ್ಟು ಕಳ್ಸಿದ್ರಾ?" ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು.

ಅಜ್ಜ ತಲೆ ಚಚ್ಚಿಕೊಂಡರು. "ನಾನೇ ಹೇಳೋನಿದ್ನಲ್ಲೋ! ಒಂದು ಗಳಿಗೆ ತಡ್ಕೊಳೋಕಾಗ್ಲಿಲ್ವೇನೋ?"

ಅಬ್ಬಾ ಎದ್ದರು. "ಮಗ ಕೇಳಿದ ಮೇಲೆ ನಾನೇ ಕೇಳ್ದಂಗೆ. ನನ್ನ ಬಿಟ್ಬಿಡಿ."

"ಅವರೂ ಗೆಳೆಯನ ಕೈಲಿ ಕೇಳಿಸಿದ್ದಲ್ವಾ ಅಬ್ಬಾ?"

"ಅದಕ್ಕೆ ಅವರು ಉತ್ತರ ಕೊಡ್ತಾರೆ, ನಾನಲ್ಲ. ಕೂತ್ಕೋ."

ನನ್ನ ವಾದವನ್ನು ಯಾರೂ ಖಂಡಿಸಲಿಲ್ಲ. ವ್ಯಾಪಾರಿ ಮುತವಲ್ಲಿಯಾದರು.

ಫೂಫಿಗೆ ಮನೆ ಖಾಲಿ ಮಾಡಿಕೊಡಲು ನಾನೂ ಅಬ್ಬಾನೂ ಹೋದೆವು. ಪಾತ್ರೆ, ಹಾಸಿಗೆ, ರಾಟೆ ಗಾಡಿಗೆ ಏರಿದವು. ಗೂಡು ಬೇಯಿಸುವ ಒಲೆ ಮಾತ್ರ ನೆಲಕ್ಕೆ ಕಟ್ಟಿದ್ದು.

"ಬಹಳ ಚೆನ್ನಾಗಿ ಮಾತಾಡ್ದೆಯಂತೆ, ಬೇಟಾ" ಎಂದರು ಫೂಫಿ, ಯಾವ ಕೊಂಕೂ ಇಲ್ಲದೆ. ಆಮೇಲೆ ಅಬ್ಬಾನ ಕಡೆ ತಿರುಗಿ, "ನಿಮ್ಮನೇಲಿ ಇಂಥ ಒಲೆ ಹಾಕೋಕೆ ಜಾಗ ಇದೆಯೇನಪ್ಪ?" ಎಂದು ಕೇಳಿದರು.

ಇರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಅಬ್ಬಾ ಗಾಡಿಯ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯತೊಡಗಿದರು.